ಸಂಗ್ರಹ ಸಂಖ್ಯೆ ೪೧೧೮

ಬುಧವಾರ ಬೆಳಿಗ್ಗೆ ೯-೧೦ಕ್ಕೆ ಬಂದ ದೂರು ಕೇಳಿ ಠಾಣೆಯ ರೈಟರ್ ಪೆನ್ನು ಕೆಳಗಿಟ್ಟ. ಹೋಗಿದ್ದು ಚಿನ್ನವಲ್ಲ, ಬೈಕಲ್ಲ, ಏಳು ಗಿಡ.

"ಎಷ್ಟೆತ್ತರ ಇತ್ತಮ್ಮ?"

"ಒಂದು ಗೇಣು."

ರೈಟರ್‌ಗೆ ನಗು ಬಂತು. ಇನ್‌ಸ್ಪೆಕ್ಟರ್ ನಗಲಿಲ್ಲ. ದೂರುದಾರೆ ಸಸ್ಯಶಾಸ್ತ್ರದ ಸಂಶೋಧಕಿ, ಅತ್ತು ಅತ್ತು ಮುಖ ಊದಿತ್ತು. ನೂರಾಮೂರು ವರ್ಷದ ಹಿಂದೆ ಯಾರೋ ಒಣಗಿಸಿ ಅಂಟಿಸಿಟ್ಟ ಒಂದೇ ಒಂದು ಹಾಳೆಯಲ್ಲಿದ್ದ ಗಿಡ ಅದು. ಆಮೇಲೆ ಯಾರ ಕಣ್ಣಿಗೂ ಬೀಳದೆ, ನಿರ್ನಾಮವಾಯಿತೆಂದು ದಾಖಲಾಗಿತ್ತು. ಕಳೆದ ತಿಂಗಳು ಸಂರಕ್ಷಿತ ಗುಡ್ಡದಲ್ಲಿ ಇವಳಿಗೆ ಸಿಕ್ಕಿತ್ತು. ಇದ್ದದ್ದೇ ಏಳೆಂದು ಒಂದನ್ನೂ ಕೀಳದೆ ಫೋಟೋ ಮಾತ್ರ ತೆಗೆದಿದ್ದಳು.

"ನಾಳೆ ತಜ್ಞರ ಸಮಿತಿ ನೋಡೋಕೆ ಬರುತ್ತೆ ಸಾರ್. ಗಿಡ ತೋರಿಸದಿದ್ರೆ ನಾನು ಸುಳ್ಳುಗಾತಿ ಆಗ್ತೀನಿ."

ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದವಳು ಅವಳ ಅಕ್ಕ, ಒಣಸಸ್ಯ ಸಂಗ್ರಹಾಲಯದ ಮೇಲ್ವಿಚಾರಕಿ. ಎಫ್‌ಐಆರ್ ದಾಖಲಾಯಿತು.

೧೧-೩೦ಕ್ಕೆ ಗುಡ್ಡದಲ್ಲಿ ಇಬ್ಬರು ಅರಣ್ಯ ಕಾವಲುಗಾರರ ಸಮಕ್ಷಮ ಪಂಚನಾಮೆ.

"ಹಂದಿ ಅಗೆದಿರಬೇಕು ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್.

"ಯಾವ ಹಂದಿನಯ್ಯಾ ಗುಂಡಿ ಮುಚ್ಚಿ, ಅಂಗೈಲಿ ಮಣ್ಣು ತಟ್ಟಿ ಹೋಗೋದು?"

ಏಳು ಗುಂಡಿಗಳನ್ನೂ ನೀಟಾಗಿ ಮುಚ್ಚಲಾಗಿತ್ತು. ಗಿಡ ಕಿತ್ತವರಿಗೆ ಗುಡ್ಡದ ಮೇಲೆ ಅಕ್ಕರೆಯಿತ್ತು. ಜಾಗ ಗೊತ್ತಿದ್ದದ್ದು ಅಕ್ಕ ತಂಗಿಗೆ ಮಾತ್ರ. ಸೋಮವಾರ ಸಂಜೆ ತಂಗಿ ನೋಡಿದಾಗ ಏಳೂ ಇದ್ದವು, ಮಂಗಳವಾರ ಸಂಜೆಗೆ ಒಂದೂ ಇರಲಿಲ್ಲ.

೩-೪೦ಕ್ಕೆ ಸಂಗ್ರಹಾಲಯ. ಉದ್ದದ ಕೋಣೆ, ಕಬ್ಬಿಣದ ಬೀರುಗಳು, ನುಸಿಗುಳಿಗೆಯ ವಾಸನೆ. ಇನ್‌ಸ್ಪೆಕ್ಟರ್ ಅಕ್ಕನ ಎದುರು ಕೂತರು.

"ನಿನ್ನೆ ಬೆಳಿಗ್ಗೆ ಎಲ್ಲಿದ್ರಿ?"

"ಮನೇಲಿ."

"ಗಿಡ ಕಿತ್ತಾಗೆಲ್ಲ ಬರೆದಿಡೋ ಪುಸ್ತಕ ಇರುತ್ತಂತಲ್ಲ?"

ಅಕ್ಕ ತಾನೇ ಚೀಲದಿಂದ ಪುಸ್ತಕ ತೆಗೆದುಕೊಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಂಗ್ರಹ ಸಂಖ್ಯೆಯೂ ಬಿಟ್ಟುಹೋಗಿರಲಿಲ್ಲ. ಕೊನೆಯದು ೪೧೧೮: ಮಂಗಳವಾರ, ಬೆಳಿಗ್ಗೆ ೬-೪೦, ಗುಡ್ಡದ ಪೂರ್ವದ ಇಳಿಜಾರು, ಏಳು ಗಿಡ, ಬಿಳಿ ಹೂ. ಬಾಯಿಗೆ ಸುಳ್ಳು ಬಂದಿತ್ತು, ಆ ಪುಸ್ತಕದಲ್ಲಿ ಬರೆಯಲು ಕೈ ಬಂದಿರಲಿಲ್ಲ. ಹಳೇ ಪತ್ರಿಕೆಯ ಮಡಿಕೆಗಳಲ್ಲಿ ಏಳೂ ಗಿಡ ಅಚ್ಚುಕಟ್ಟಾಗಿ ಒಣಗುತ್ತಿದ್ದವು. ಮುದ್ದೆಮಾಲು ವಶಪಡಿಸಿಕೊಂಡು ೪-೧೫ಕ್ಕೆ ಅವಳನ್ನು ಬಂಧಿಸಲಾಯಿತು.

"ಅವಳಿಗೆ ಗಿಡಗಳ ಹೆಸರು ಕಲಿಸಿದ್ದೇ ನಾನು," ಎಂದಳು ಹೇಳಿಕೆಯಲ್ಲಿ. "ಆ ಗುಡ್ಡಾನ ಇಪ್ಪತ್ತೆರಡು ವರ್ಷ ಸೋಸಿದೀನಿ ಸಾರ್. ಇವಳು ನೀರು ಕುಡಿಯೋಕೆ ಕೂತಳಂತೆ, ಪಕ್ಕದಲ್ಲೇ ಇತ್ತಂತೆ. ನಗ್ತಾ ಹೇಳಿದ್ಳು. ಆ ನಗು ಕೇಳಿ ಹೊಟ್ಟೆಗೆ ಬೆಂಕಿ ಬಿತ್ತು."

ತಮ್ಮ ಕೈಕೆಳಗೆ ಕೆಲಸ ಕಲಿತವನಿಗೇ ಈಗ ಸಲ್ಯೂಟ್ ಹೊಡೆಯುವ ಇನ್‌ಸ್ಪೆಕ್ಟರ್ ಆ ಮಾತನ್ನು ಒಂದಕ್ಷರ ತಿದ್ದದೆ ಬರೆದುಕೊಂಡರು.

ಗುರುವಾರ ಸಮಿತಿ ಠಾಣೆಗೇ ಬಂತು. ಭೂತಗನ್ನಡಿ ಹಿಡಿದು ಹಳೇ ಹಾಳೆಗೆ ಹೋಲಿಸಿದರು, ಬೇರಿನ ಮಣ್ಣನ್ನು ಗುಂಡಿಯ ಮಣ್ಣಿಗೆ ತಾಳೆ ನೋಡಿದರು. ಗಿಡ ಅದೇ. ತಂಗಿ ಸುಳ್ಳುಗಾತಿಯಲ್ಲ.

ಇನ್‌ಸ್ಪೆಕ್ಟರ್ ಲಾಕಪ್ಪಿನ ಬಳಿ ಹೋಗಿ ವಿಷಯ ತಿಳಿಸಿದರು.

"ಗಿಡ ಅಂಟಿಸೋ ಹಾಳೆ ಯಾರ ಹೆಸರಲ್ಲಿ ಸಾರ್?"

"ಕಿತ್ತವರ ಹೆಸರೇ ಹಾಕೋದು ನಿಯಮವಂತೆ. ನಿಮ್ಮದೇ."

ಬಂಧಿಸಿದಾಗಲೂ ಅಳದಿದ್ದವಳು ಕಂಬಿ ಹಿಡಿದು ಬಿಕ್ಕಿಬಿಕ್ಕಿ ಅತ್ತಳು.

"ಬೇಡ ಸಾರ್. ಕಂಡಿದ್ದು ಅವಳು."