ಐರಣಿಯ ವಾಟ್ನಿ ಪತ್ರ

ಟ್ರಂಕಿಗೆ ಹಾಕಿದ ಕೀಲಿ ಹಾಕಿದಂತೆಯೇ ಇತ್ತು. ಒಳಗಿದ್ದ ಕಾಗದ ಮಾತ್ರ ಇರಲಿಲ್ಲ.

1994ರ ಜುಲೈ ಏಳು, ಗುರುವಾರ. ಐರಣಿಯ ಹಾಲೇಶಪ್ಪನ ಮನೆ ಮುಂದೆ ರಾಣೆಬೆನ್ನೂರಿಗೆ ಹೋಗುವ ಬಾಡಿಗೆ ಟೆಂಪೋ ಬಂದು ನಿಂತಿತ್ತು. ಅವತ್ತು ಮನೆ ಒಡೆಯುವ ದಿನ. ಇಪ್ಪತ್ತನಾಲ್ಕು ಎಕರೆ ಹೊಲದಲ್ಲಿ ಮುದುಕನಿಗೆ ಎಂಟು, ಹಿರಿಮಗ ಡಾಕಪ್ಪನಿಗೆ ಎಂಟು, ಕಿರಿಮಗ ಗುಡದಪ್ಪನಿಗೆ ಎಂಟು ಎಂದು ಪಂಚರು ಕೂತು ತೀರ್ಮಾನಿಸಿದ್ದರು. ಸ್ಟ್ಯಾಂಪ್ ಕಾಗದದ ಮೇಲೆ ವಾಟ್ನಿ ಪತ್ರ, ಅಂದರೆ ಪಾಲಿನ ಕಾಗದ, ಬರೆಸಿಯೂ ಆಗಿತ್ತು. ಸಬ್ ರಜಿಸ್ಟ್ರಾರ್ ಮುಂದೆ ಸಹಿ ಹಾಕುವುದೊಂದೇ ಬಾಕಿ.

ಈ ಮನೆಗೆ ಒಬ್ಬ ಮಗಳೂ ಇದ್ದಳು, ಹೊಳಿಯವ್ವ. ವಯಸ್ಸು ಮೂವತ್ತಾರು. ತಾಯಿ ತೀರಿಕೊಂಡಾಗ ಹದಿನಾರರ ಹುಡುಗಿ. ಒಲೆಯ ಮುಂದೆ ಕೂತವಳು ಏಳಲೇ ಇಲ್ಲ. ನಾಲ್ಕು ವರ್ಷದ ತಮ್ಮನನ್ನು ಸಾಕಿದಳು, ಅಪ್ಪನನ್ನು ನೋಡಿಕೊಂಡಳು. ಬಂದ ಗಂಡುಗಳೆಲ್ಲ ‘ಮುಂದಿನ ವರ್ಷ ನೋಡೋಣು’ ಎನ್ನುವ ಮಾತಿನಲ್ಲೇ ಹೋದವು. ಆಕೆಗೆ ಪಂಚರು ಕೊಟ್ಟದ್ದು ಬಾಯಿಮಾತು: ಆರು ತಿಂಗಳು ಅಣ್ಣನ ಮನೆಯಲ್ಲಿ ಊಟ, ಆರು ತಿಂಗಳು ತಮ್ಮನ ಮನೆಯಲ್ಲಿ. ಮನೆಯ ಒನಕೆಗೂ ಒಂದು ಕಾಯಂ ಮೂಲೆ ಇರುತ್ತದೆ. ಈಕೆಗೆ ಅದೂ ಇರಲಿಲ್ಲ.

ಹವಾಲ್ದಾರ ಇಸಾಕಸಾಬ ಬಂದಾಗ ಅಣ್ಣತಮ್ಮಂದಿರು ಆಗಲೇ ಕೊರಳಪಟ್ಟಿ ಹಿಡಿಯುವ ಹಂತಕ್ಕೆ ಬಂದಿದ್ದರು. ಅವನಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹೊಲದ ಜಗಳ ನೋಡಿ ನೋಡಿ ಅವನ ತಲೆಕೂದಲು ಬೆಳ್ಳಗಾಗಿತ್ತು. ಮೊದಲು ಟ್ರಂಕು ನೋಡಿದ. ತೀರಿಕೊಂಡ ಯಜಮಾನ್ತಿಯ ಬೋರಮಾಳ, ಬೆಳ್ಳಿ ಡಾಬು ಇಟ್ಟಲ್ಲೇ ಇದ್ದವು. ಬಂಗಾರ ಬಿಟ್ಟು ಕಾಗದ ಕದಿಯುವ ಕಳ್ಳ ಹೊರಗಿನಿಂದ ಬಂದವನಲ್ಲ.

“ಕೀಲಿಕೈ ಯಾರ ಕಡೆ ಇರತೈತ್ರಿ?” ಎಂದು ಮುದುಕನನ್ನು ಕೇಳಿದ.

“ನನ್ನ ಉಡದಾರದಾಗ. ವಾರಕ್ಕೊಮ್ಮೆ ಎಣ್ಣಿ ಹಚ್ಚಿ ಎರಕೊಳ್ಳುವಾಗಷ್ಟ ಬಿಚ್ಚಿ ಪಡಸಾಲಿ ಗೂಟಕ್ಕ ಹಾಕ್ತೇನಿ.”

“ಈ ವಾರ ಎರಕೊಂಡದ್ದು?”

“ನಿನ್ನೆ ಮುಂಜಾನೆ.”

ಮಂಗಳವಾರ ಸಂಜೆ ಕಾಗದ ಟ್ರಂಕಿನಲ್ಲಿದ್ದುದನ್ನು ಮುದುಕ ಕಣ್ಣಾರೆ ಕಂಡಿದ್ದ. ಅಂದರೆ ಕಳುವಾದದ್ದು ಬುಧವಾರ ಮುಂಜಾನೆ, ಆ ಅರ್ಧ ತಾಸಿನಲ್ಲಿ.

ಗುಡದಪ್ಪ ನೇರವಾಗಿ ಅಣ್ಣನ ಕಡೆ ಬೆರಳು ಮಾಡಿದ. ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಿಕೊಳ್ಳಬೇಕು ಎನ್ನುವುದು ರೂಢಿ. ಗುಡದಪ್ಪ ಹೊಳೆದಂಡೆಯ ಹೊಲ ಆರಿಸಿಕೊಂಡಿದ್ದ. ಡಾಕಪ್ಪನಿಗೆ ಅದು ಹಿಡಿಸಿರಲಿಲ್ಲ. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎನ್ನುವುದೇನು ಸುಳ್ಳಲ್ಲ. ಆದರೆ ಬುಧವಾರ ಡಾಕಪ್ಪ ಮೊದಲ ಬಸ್ಸಿಗೇ ಗುತ್ತಲಕ್ಕೆ ಬೀಜ ತರಲು ಹೋಗಿದ್ದ, ಅಂಗಡಿಯವನು ಅದನ್ನು ಒಪ್ಪಿದ. ಗುಡದಪ್ಪ ಹೊಲದಲ್ಲಿದ್ದ, ಇಬ್ಬರು ಆಳುಗಳು ಸಾಕ್ಷಿ. ಅವನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿ ತಿಂಗಳಾಗಿತ್ತು. ಡಾಕಪ್ಪನ ಹೆಂಡತಿ ಚೌಡವ್ವ ಅಮಾವಾಸ್ಯೆಯ ಪೂಜೆಗೆ ಮಣ್ಣೆತ್ತು ಮಾಡಲು ಮಣ್ಣು ತರುವುದಕ್ಕೆ ಹೊಳೆಗೆ ಹೋಗಿದ್ದೆ ಎಂದಳು. ಚೌಡವ್ವನ ಬಾಯಿ ಇಡೀ ಓಣಿಗೆ ಗೊತ್ತು. ಬೇರೆ ಆಗೋಣ ಎಂದು ಎರಡು ವರ್ಷದಿಂದ ಗಂಡನ ಕಿವಿ ಕಚ್ಚುತ್ತಿದ್ದವಳೇ ಅವಳು. ಅವಳಿಗೆ ಆ ಕಾಗದ ಉಳಿಯಬೇಕಿತ್ತು.

ಉಳಿದವಳು ಹೊಳಿಯವ್ವ. ಪಾಲು ಸಿಗದ ಹೊಟ್ಟೆಕಿಚ್ಚಿಗೆ ಅಕ್ಕನೇ ತೆಗೆದಿದ್ದಾಳೆ ಎಂದು ಗುಡದಪ್ಪ ಗೊಣಗಿದ. ಆಕೆಯೇ ಸಾಕಿ ಬೆಳೆಸಿದ ಬಾಯಿ ಅದು. ಆದರೆ ಕೀಲಿಕೈ ಗೂಟದಲ್ಲಿದ್ದಷ್ಟು ಹೊತ್ತೂ ಹೊಳಿಯವ್ವ ಬಚ್ಚಲಲ್ಲಿ ಅಪ್ಪನಿಗೆ ನೀರು ಹಾಕಿ ಬೆನ್ನು ತಿಕ್ಕುತ್ತಿದ್ದಳು. ಹಾಗೆಂದು ಮುದುಕನೇ ಹೇಳಿದ.

ಇನ್ನೊಂದು ಪತ್ರ ಬರೆಸಿರಿ ಎಂದ ಇಸಾಕಸಾಬ. ಮುದುಕ ಹಾಲೇಶಪ್ಪ ಒಪ್ಪಲಿಲ್ಲ. ಮರುದಿನ ಮಣ್ಣೆತ್ತಿನ ಅಮಾವಾಸ್ಯೆ, ಅದು ದಾಟಿದರೆ ಆಷಾಢ. ಆಷಾಢದಲ್ಲಿ ಮನೆ ಒಡೆಯುವುದು ಬೇಡ, ಶ್ರಾವಣಕ್ಕೆ ನೋಡೋಣ ಎಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಗೊಣಗುತ್ತ ಗುಡದಪ್ಪ ಟೆಂಪೋದವನನ್ನು ಕಳಿಸಿದ.

*

ಮೂರೂವರೆ ವಾರ ಏನೂ ಹೊಳೆಯಲಿಲ್ಲ. ಆಗಸ್ಟ್ ಮೊದಲ ದಿನ ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇಸಾಕಸಾಬ ಪೇಪರು ಬಿಡಿಸಿದ. ಒಳಪುಟದಲ್ಲಿ ಸುದ್ದಿ. ಹಿಂದೂ ಕೂಡು ಕುಟುಂಬದ ಆಸ್ತಿಯಲ್ಲಿ ಇನ್ನು ಮೇಲೆ ಮಗಳಿಗೂ ಮಗನಷ್ಟೇ ಹಕ್ಕು. ರಾಜ್ಯದ ಹೊಸ ಕಾಯಿದೆ ಜಾರಿಗೆ ಬಂದಿದೆ. ಆದರೆ ಎರಡು ಕೊಕ್ಕೆ. ಈಗಾಗಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಇದು ಇಲ್ಲ. ಈಗಾಗಲೇ ಆಗಿಹೋದ ವಾಟ್ನಿಗೂ ಇಲ್ಲ.

ಚಹಾ ಆರಿತು. ಹವಾಲ್ದಾರ ಅದನ್ನು ಮರೆತ.

ಇಷ್ಟು ದಿನ ತಾನು ಕೇಳಿಕೊಂಡ ಪ್ರಶ್ನೆಯೇ ತಪ್ಪು ಎನಿಸಿತು ಅವನಿಗೆ. ಕಾಗದದಿಂದ ಯಾರಿಗೆ ಲಾಭ ಎಂದು ಕೇಳುತ್ತಿದ್ದ. ಕದ್ದ ಕಾಗದದಿಂದ ಯಾರಿಗೂ ಲಾಭವಿಲ್ಲ, ಅದನ್ನು ಮತ್ತೆ ಬರೆಸಬಹುದು. ಕಳ್ಳರು ಕದ್ದದ್ದು ಕಾಗದವನ್ನಲ್ಲ, ಒಂದು ತಿಂಗಳನ್ನು. ಅಮಾವಾಸ್ಯೆಯ ಮುನ್ನಾದಿನ ಒಂದೇ ಒಂದು ದಿನ ತಪ್ಪಿಸಿದರೆ ಸಾಕು, ಉಳಿದದ್ದನ್ನು ಆಷಾಢವೇ ನೋಡಿಕೊಳ್ಳುತ್ತದೆ.

*

ಐರಣಿಗೆ ಹೋದಾಗ ಹೊಳಿಯವ್ವ ಒಬ್ಬಳೇ ಇದ್ದಳು. ಕುಂದ್ರಿ ಎಂದು ಕಂಬಳಿ ಹಾಸಿದಳು. ಮಾತಿಗೆ ಮಾತು ಸೇರಿಸುತ್ತ ಹೊಸ ಕಾಯಿದೆಯ ಸಂಗತಿ ಹೇಳಿದ. ಆಕೆ ನಕ್ಕುಬಿಟ್ಟಳು. ಹೆಣ್ಣಮಕ್ಕಳಿಗೆ ಹೊಲ ಕೊಡುವ ಸರಕಾರ ಎಲ್ಲಾದರೂ ಇರುತ್ತದೆಯೇ, ನಿಮಗ ಚಾಷ್ಟಿ ಎಂದಳು. ಮೂವತ್ತು ವರ್ಷ ಕಳ್ಳರ ಮುಖ ನೋಡಿದವನಿಗೆ ಆ ನಗು ಖರೇ ಎಂದು ತಿಳಿಯಲು ತಡವಾಗಲಿಲ್ಲ. ಆಕೆಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವರು ಬೇರೆ ಯಾರೋ.

ಜಗಲಿಯ ಮೇಲೆ ಮಣ್ಣೆತ್ತುಗಳಿದ್ದವು. ಆ ಮನೆಯಲ್ಲಿ ಪಂಚಮಿಯವರೆಗೆ ಇಡುವ ವಾಡಿಕೆ. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆಯ ಗುರುತು, ಕುಂಬಾರರ ಕೈಕೆಲಸ.

“ಇವು ಮನ್ಯಾಗ ಮಾಡಿದ್ದಲ್ಲ, ಅಲ್ಲೇನವಾ?”

“ಪ್ರತಿ ವರ್ಷ ಮನ್ಯಾಗ ಮಾಡ್ತಿದ್ವಿರಿ. ಈ ಸಲ ಚೌಡವ್ವ ವೈನಿ ಮಣ್ಣ ತರಲಿಲ್ಲ. ಕಡೀಗೆ ಜೋಳ ಕೊಟ್ಟು ಕುಂಬಾರರ ಕಡೆ ತಗೊಂಡ್ವಿ.”

ಹೊಳೆಗೆ ಹೋದವಳು ಮಣ್ಣು ತರಲಿಲ್ಲ. ಇಸಾಕಸಾಬ ಸುಮ್ಮನೆ ಮೀಸೆ ಸವರಿಕೊಂಡ. ಈಚೆಗೆ ವೈನಿ ಊರು ಬಿಟ್ಟು ಎಲ್ಲಾದರೂ ಹೋಗಿದ್ದಳೇ ಎಂದು ಕೇಳಿದ. ಜೂನ್‌ನಲ್ಲಿ ಬ್ಯಾಡಗಿಗೆ, ತವರಿಗೆ ಹೋಗಿದ್ದಳಂತೆ. ಎಂಟು ದಿನ ಇದ್ದು ಬರುತ್ತೇನೆ ಎಂದವಳು ಮರುದಿನವೇ ತಿರುಗಿ ಬಂದಿದ್ದಳು. ಬಂದವಳು ಎರಡು ದಿನ ಊಟ ಮಾಡಿರಲಿಲ್ಲ.

*

ಚೌಡವ್ವನ ಅಣ್ಣ ಗಿರಿಯಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರ ಗುಮಾಸ್ತ. ಪೊಲೀಸರನ್ನು ಕಂಡು ಮೊದಲು ಬೆವರಿದ. ತಂಗಿಯ ಮಾತು ಎಂದು ತಿಳಿದಾಗ ಹಗುರಾಗಿ ನಕ್ಕ. ಅಪ್ಪ ಇನ್ನೂ ಇರುವಾಗಲೇ ನನಗೂ ಎರಡು ಎಕರೆ ಬರೆದುಕೊಡಿರಿ ಎಂದು ಕೇಳಲು ಬಂದಿದ್ದಳಂತೆ.

“ಪೇಪರ್ ತೋರಿಸಿ ಹೇಳಿದ್ನಿರಿ. ಕಾಯಿದೆ ಬರಾಕತ್ತೈತಿ ಖರೆ, ದಿಲ್ಲಿಯಿಂದ ಮುದ್ರಿ ಬರೂದೊಂದ ಬಾಕಿ ಐತಿ. ಆದ್ರ ಅದು ಲಗ್ನ ಆಗದಾಕಿಗೆ. ನಿನಗ ಸೀರಿ-ಕುಬಸ ಅಷ್ಟ, ಉಂಡು ಹೋಗು ಅಂದೆ. ಉಣ್ಣಲಾರದ ಹೋದ್ಲು.”

ಇಸಾಕಸಾಬನಿಗೆ ಆ ನಗುವಿನ ಮುಂದೆ ಕೂರಲಾಗಲಿಲ್ಲ. ತಮ್ಮ ಮುಸಲ್ಮಾನರಲ್ಲಿ ಅಕ್ಕತಂಗಿಯರಿಗೆ ಪಾಲು ಮೊದಲಿನಿಂದಲೂ ಇದೆ. ಇದ್ದೂ ಹತ್ತು ವರ್ಷದ ಹಿಂದೆ ತಂಗಿ ಮುಮ್ತಾಜಬಿಯ ಕೈಯಿಂದ ‘ನನಗೇನೂ ಬೇಡ’ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡವನು ತಾನೇ. ಆಕೆಯೂ ಅವತ್ತು ಉಂಡಿರಲಿಲ್ಲ ಎನ್ನುವುದು ಈಗ ನೆನಪಾಗಿ ಅವನಿಗೆ ನಾಚಿಕೆಯಾಯಿತು.

*

ಮರುದಿನ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿದ.

“ಪತ್ರಕ್ಕ ಸಹಿ ಹಾಕೋರು ಮೂರು ಮಂದಿ,” ಎಂದ. “ಯಜಮಾನ್ರು, ಡಾಕಪ್ಪ, ಗುಡದಪ್ಪ. ಇವರಾಗ ಯಾರಿಗೆ ಬ್ಯಾಡಾಗಿದ್ರೂ ಸಹಿ ಹಾಕೂದಿಲ್ಲ ಅಂದ್ರ ಮುಗೀತಿತ್ತು. ಕಳುವು ಮಾಡೂದು ಯಾಕ ಬೇಕು? ಕಳುವು ಮಾಡಬೇಕಾಗೂದು ಯಾರೂ ಸಹಿ ಕೇಳದಾಕಿಗೆ. ಅಂಥವರು ಅವತ್ತ ಮನ್ಯಾಗ ಇಬ್ರು. ಒಬ್ಬಾಕಿ ಬಚ್ಚಲದಾಗ ಅಪ್ಪನ ಬೆನ್ನ ತಿಕ್ಕಾಕತ್ತಿದ್ಲು. ಇನ್ನೊಬ್ಬಾಕಿ ಮಣ್ಣ ತರಾಕ ಹೋಗಿದ್ಲು, ಮಣ್ಣ ತರಲಿಲ್ಲ.”

ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವಳಲ್ಲ ಚೌಡವ್ವ. ಎದ್ದು ಒಳಗೆ ಹೋದಳು. ಅಡಕಲ ಗಡಿಗೆಗಳನ್ನು ಒಂದೊಂದಾಗಿ ಇಳಿಸುವ ಸದ್ದು ಕೇಳಿಸಿತು. ಕೆಳಗಿನ ಗಡಿಗೆಯಿಂದ ಕಾಗದದ ಸುರುಳಿ ತಂದು ಮಾವನ ಮುಂದಿಟ್ಟಳು. ಕಾಗದದ ಒಂದು ಮೂಲೆಯೂ ಮುದುಡಿರಲಿಲ್ಲ.

ಇಸಾಕಸಾಬ ಬ್ಯಾಡಗಿಯ ಸಂಗತಿ, ಪೇಪರಿನ ಸುದ್ದಿ ಎರಡನ್ನೂ ಬಿಡಿಸಿ ಹೇಳಿದ. ನಾಲ್ಕು ಪಾಲಾದರೆ ತಲೆಗೆ ಆರೇ ಎಕರೆ. ಡಾಕಪ್ಪ ಹೆಂಡತಿಯನ್ನು ಹೊಸದಾಗಿ ನೋಡುವಂತೆ ನೋಡಿದ. ನನ್ನ ಎರಡು ಎಕರೆ ಕಳೆದೆಯಲ್ಲ ಎಂದ.

“ಎರಡ ಎಕರೆ ಯಾರದು?” ಎಂದಳು ಚೌಡವ್ವ. ದನಿ ಅವತ್ತು ಏರಲಿಲ್ಲ. “ಇಪ್ಪತ್ತ ವರ್ಷ ಆಕಿ ಬಡದ ರೊಟ್ಟಿ ತಿಂದು ನೀವು ಅದನ್ನ ಉಳುಮಿ ಮಾಡೀರಿ. ನನ್ನ ನಾಕೂ ಬಾಣಂತನ ಆಕೀನ ಮಾಡಿದ್ಲು. ನನಗಂತೂ ತವರಾಗ ಬರೂದಿಲ್ಲ ಅಂತ ಗೊತ್ತಾತು. ಬರೂವಾಕಿಗರ ಬರಲಿ ಅಂತ ತಗೊಂಡೆ. ಆಷಾಢ ದಾಟಲಿ ಅಂತ ದಿನಾ ದೀಪ ಹಚ್ಚೀನಿ.”

ಗುಡದಪ್ಪ ಕೇಸು ಹಾಕಬೇಕು, ಒಳಗೆ ಕೂರಿಸಬೇಕು ಎಂದು ಕೂಗಾಡಿದ. ಯಾರೂ ಅವನ ಕಡೆ ನೋಡಲಿಲ್ಲ. ಹೊಳಿಯವ್ವ ಕಂಬ ಹಿಡಿದುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ಹಾಲೇಶಪ್ಪ ಬಹಳ ಹೊತ್ತು ಮಗಳನ್ನೇ ನೋಡಿದ. ಆಮೇಲೆ ವಾಟ್ನಿ ಪತ್ರವನ್ನು ಎರಡಾಗಿ ಹರಿದ.

“ಹವಾಲ್ದಾರ್ರ, ನನ್ನ ಕಾಗದ ಸಿಕ್ತು. ಫಿರ್ಯಾದಿ ಇಲ್ಲ ಅಂತ ಬರಕೊಳ್ರಿ,” ಎಂದ.

*

ಶ್ರಾವಣದ ಎರಡನೇ ವಾರ ರಾಣೆಬೆನ್ನೂರಿನ ಕಚೇರಿ ಮುಂದೆ ನಾಲ್ಕು ಪಾಲಿನ ಪತ್ರ ತಯಾರಾಯಿತು. ಗುಡದಪ್ಪನೂ ಬಂದಿದ್ದ, ಕೋರ್ಟಿಗೆ ಹೋದರೂ ಗೆಲ್ಲುವುದಿಲ್ಲ ಎಂದು ವಕೀಲರು ಹೇಳಿ ಕಳಿಸಿದ್ದರು. ಬೇಡ ಅಂದರೂ ಬಿಡದೆ ಇಸಾಕಸಾಬನನ್ನೂ ಕರೆದಿದ್ದರು.

ಪತ್ರ ಬರೆಯುವ ಶಮಶೇರಸಾಬ ಸಾಕ್ಷಿ ಯಾರು ಎಂದು ಕೇಳಿದ. ಒಬ್ಬರು ಪಂಚರು ಮುಂದೆ ಬಂದರು. ಇನ್ನೊಬ್ಬರು ಬೇಕಿತ್ತು.

“ನಮ್ಮ ವೈನಿ,” ಎಂದಳು ಹೊಳಿಯವ್ವ.

ಶಮಶೇರಸಾಬ ಕನ್ನಡಕದ ಮೇಲಿನಿಂದ ನೋಡಿದ. ಸುದ್ದಿ ಅವನಿಗೂ ಮುಟ್ಟಿತ್ತು. “ಹಿಂದಿನ ಪತ್ರ ಕದ್ದಾಕಿ ಈಕಿ ಅಲ್ಲೇನವಾ?”

“ಹೌದ್ರಿ,” ಎಂದಳು ಹೊಳಿಯವ್ವ. “ಅದಕ್ಕ ಆಕೀನ ಬೇಕು.”