ಏನೂ ಬೆಳೆಯದ ಪ್ಲೇಟು

ಬ್ಯಾಕ್ಟೀರಿಯಾ ಬೆಳೆಸುವ ಮೂರನೇ ಪ್ಲೇಟಿನಲ್ಲೂ ಏನೂ ಬೆಳೆದಿರಲಿಲ್ಲ. ಮೀನಿನ ಮೈತುಂಬ ಹುಣ್ಣು, ಕಣ್ಣು ಉಬ್ಬಿ ಹೊರಗೆ ಬಂದಿದೆ. ಆದರೆ ಪರೀಕ್ಷೆಗೆ ಒಂದೇ ಒಂದು ಬ್ಯಾಕ್ಟೀರಿಯಾ ಸಿಗುತ್ತಿಲ್ಲ. ಯಾರೋ ಮೊದಲೇ ಔಷಧ ತಿನ್ನಿಸಿದ್ದಾರೆ ಎಂದು ಮೀನಿನ ಡಾಕ್ಟರಿಗೆ ಅನುಮಾನ ಬಂತು. ಆ ಯಾರೋ ‘ಅವನು’ ಆಗದಿರಲಿ ಎಂದೂ ಅವಳಿಗೆ ಅನ್ನಿಸಿತು.

“ನಿಮ್ಮನ್ನ ನೋಡಿ ಹೆದರಿ ಓಡಿಹೋಗಿರ್ಬೇಕು ಪಾಪ, ಬ್ಯಾಕ್ಟೀರಿಯಾ,” ಎಂದ ಅವನು, ಬಾಗಿಲಿಗೆ ಒರಗಿ. ಸಮುದ್ರದಲ್ಲಿ ತನ್ನ ಅಕ್ಕನ ಮೀನು ಸಾಕುವ ಪಂಜರಗಳನ್ನು ನೋಡಿಕೊಳ್ಳುವವನು. ಸ್ಯಾಂಪಲ್ ಕೊಡಲು ಬಂದರೆ ಅರ್ಧ ಗಂಟೆಯಾದರೂ ಜಾಗ ಬಿಟ್ಟು ಏಳದ ಗಿರಾಕಿ.

ಅವಳು ನಗಲಿಲ್ಲ. “ಮೇವಿಗೆ ಔಷಧ ಬೆರೆಸಿದ್ರಾ?”

ಅವನ ನೋಟ ಕಿಟಕಿಯತ್ತ ಜಾರಿತು. “ಇಲ್ಲಪ್ಪ.”

“ನನ್ನ ಮುಖ ನೋಡಿ ಹೇಳಿ.”

“ನಿಮ್ಮ ಮುಖ ನೋಡಿದ್ರೆ ಮಾತೇ ಹೊರಡಲ್ಲ.”

ಬೇರೆ ದಿನವಾಗಿದ್ದರೆ ಅವಳ ಕೆನ್ನೆ ಕೆಂಪಾಗುತ್ತಿತ್ತು. ಇವತ್ತು ಆ ಮಾತು ಬಾಯಿ ಮುಚ್ಚಿಸಲು ಕೊಟ್ಟ ಮಿಠಾಯಿಯಂತೆ ಕಂಡಿತು.

ಮರುದಿನ ಹೇಳದೆ ಕೇಳದೆ ಅವಳೇ ದೋಣಿ ಹತ್ತಿ ಪಂಜರಗಳ ಬಳಿ ಹೋದಳು. ಮೇವಿನ ಶೆಡ್ಡಿನಲ್ಲಿದ್ದ ಅಕ್ಕ ಅವಳನ್ನು ಕಂಡು ಚೀಲದ ಬಾಯಿ ಮುಚ್ಚಿದಳು. ಅವನು ಇಬ್ಬರ ನಡುವೆ ಬಂದು ನಿಂತ.

“ಅಕ್ಕನಿಗೆ ಏನೂ ಗೊತ್ತಿಲ್ಲ.”

“ನಾನು ಅಕ್ಕನ ಬಗ್ಗೆ ಕೇಳ್ಲೇ ಇಲ್ವಲ್ಲ?”

ಅವನು ತುಟಿ ಕಚ್ಚಿಕೊಂಡ. ಅವಳು ದೋಣಿಯತ್ತ ತಿರುಗಿದಳು. “ಇದೇ ನೀರು ಪಕ್ಕದವರ ಪಂಜರಕ್ಕೂ ಹರಿಯುತ್ತೆ. ರೋಗ ಯಾವುದು ಅಂತ ಗೊತ್ತಾಗದೆ ಅವರ ಮೀನೂ ಸಾಯ್ತವೆ. ಇನ್ಮೇಲೆ ಸ್ಯಾಂಪಲ್ ಬೇರೆ ಯಾರ ಕೈಲಾದ್ರೂ ಕಳ್ಸಿ.”

ಮಾರನೆಯ ಮಧ್ಯಾಹ್ನ ಅವನೇ ಬಂದ. ಕೈಯಲ್ಲಿ ಬಕೆಟ್ಟು, ಅದರಲ್ಲಿ ಓರೆಯಾಗಿ ಈಜುವ ಎರಡು ಮೀನು, ಹಿಂದೆ ಅಕ್ಕ.

“ಮೂಲೆ ಪಂಜರದ್ದು. ಔಷಧ ಮುಟ್ಟಿಲ್ಲ,” ಎಂದ.

“ಬೆರೆಸಿದ್ದು ನಾನಮ್ಮ,” ಎಂದಳು ಅಕ್ಕ. “ಭಯ ಆಯ್ತು, ಕೈಗೆ ಸಿಕ್ಕಿದ್ದನ್ನ ಹಾಕ್ಬಿಟ್ಟೆ. ನನ್ನ ಮರ್ಯಾದೆ ಕಾಯೋಕೆ ಇವನು ಸುಳ್ಳು ಹೇಳಿದ. ಈಗ ಊಟ ಬಿಟ್ಟು ಕೂತಿದಾನೆ. ಬೇಗ ಪರೀಕ್ಷೆ ಮಾಡು.”

“ಯಾರನ್ನ?”

“ಮೊದಲು ಮೀನನ್ನ. ಆಮೇಲೆ ಇವನನ್ನ.”

ಬೆಳಗಾಗುವಷ್ಟರಲ್ಲಿ ಪ್ಲೇಟಿನ ಮೇಲೆ ಹಳದಿ ಚುಕ್ಕೆಗಳು ದಟ್ಟವಾಗಿ ಎದ್ದಿದ್ದವು: ವಿಬ್ರಿಯೋ ಎಂಬ ಬ್ಯಾಕ್ಟೀರಿಯಾ. ಯಾವ ಔಷಧಕ್ಕೆ ಅದು ಬಗ್ಗುತ್ತದೆ ಎಂಬುದೂ ಮರುದಿನ ತಿಳಿಯಿತು.

“ಪಕ್ಕದವರಿಗೆ ನಡೆದದ್ದೆಲ್ಲ ನೀವೇ ಹೇಳ್ತೀರಾ?” ಎಂದು ಅವನನ್ನು ಕೇಳಿದಳು.

“ಹೇಳ್ತೀನಿ. ಜೊತೆಗೆ ಬನ್ನಿ.”

ಅವನು ಒಂದನ್ನೂ ಮುಚ್ಚಿಡಲಿಲ್ಲ. ಪಕ್ಕದ ಪಂಜರಗಳ ಯಜಮಾನ ಬಾಯಿಗೆ ಬಂದಂತೆ ಬೈದ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಅವಳು ಪಕ್ಕದಲ್ಲೇ ನಿಂತಿದ್ದಳು.

ದೋಣಿಯಲ್ಲಿ ವಾಪಸು ಅರ್ಧ ದಾರಿ ಬಂದಿದ್ದರು.

“ನಿಮ್ಮ ಮೇಲೆ ನನಗಿನ್ನೂ ಒಂದು ಅನುಮಾನ ಇದೆ,” ಎಂದಳು ಅವಳು.

ಅವನ ಮುಖ ಸಪ್ಪಗಾಯಿತು. “ಏನು?”

“ನನ್ನ ಕಂಡ್ರೆ ನಿಮಗೆ ಇಷ್ಟ ಅಂತ.”

ಅವನು ದೋಣಿಯ ಎಂಜಿನ್ ಆರಿಸಿಬಿಟ್ಟ. ಈ ಸಲ ಅವಳ ಮುಖವನ್ನೇ ನೋಡಿದ.

“ನಿಜ ಡಾಕ್ಟ್ರೇ. ತುಂಬಾ ಇಷ್ಟ.”

ದೋಣಿ ತಾನಾಗಿ ತೇಲುತ್ತಿತ್ತು. ಅವಳು ಅವನ ಒದ್ದೆ ಕೈ ಹಿಡಿದುಕೊಂಡಳು. ಎಂಜಿನ್ ಹಚ್ಚುವ ಅವಸರ ಇಬ್ಬರಿಗೂ ಇರಲಿಲ್ಲ.