ಕಳಚಿಹೋದ ಹದಿನಾರು ಪುಟ

ರಮಿತಾ ಒಂದೇ ಕಾದಂಬರಿಗೆ ಏಳು ಅಂತ್ಯ ಹೇಳಿದ್ದಳು. ಸಾಹಿತ್ಯದ ಆಸೆಯಿಂದಲ್ಲ, ಬೇರೆ ದಾರಿಯಿರಲಿಲ್ಲ.

ಮುಂಬೈ ಬಳಿಯ ಡೊಂಬಿವಲಿಯ ಕನ್ನಡ ಸಂಘದ ಲೈಬ್ರರಿ ತೆರೆಯುವುದು ಭಾನುವಾರ ಹತ್ತರಿಂದ ಒಂದರವರೆಗೆ ಮಾತ್ರ. ವಾರವಿಡೀ ಬೇಲಾಪುರದ ಕಚೇರಿಯೊಂದರಲ್ಲಿ ಕಡತಗಳ ಮುಂದೆ ಕೂರುವ ರಮಿತಾ ಭಾನುವಾರ ಇಲ್ಲಿ ಪುಸ್ತಕಗಳ ಮುಂದೆ ಕೂರುತ್ತಾಳೆ. ಇಲ್ಲಿ ಅತಿ ಹೆಚ್ಚು ಕೈ ಬದಲಿಸಿದ ಪುಸ್ತಕ ‘ಅಂಚೆ ತಪ್ಪಿದ ಊರು’. ಅಂಚೆ ಗುಮಾಸ್ತ ಮಾಧವನಿಗೆ ದೂರದ ಊರಿಗೆ ವರ್ಗವಾಗುತ್ತದೆ. ಟೀಚರ್ ಸುಭದ್ರೆ ಅವನನ್ನು ಬೀಳ್ಕೊಡಲು ಬಸ್‌ಸ್ಟ್ಯಾಂಡಿಗೆ ಬರುತ್ತಾಳೆ. ಮಾಧವ ಬಸ್ ಹತ್ತುತ್ತಾನೆ, ಡ್ರೈವರ್ ಹಾರ್ನ್ ಹಾಕುತ್ತಾನೆ. ಅಲ್ಲಿಗೆ ಇನ್ನೂರ ಎಂಟನೆಯ ಪುಟ ಮುಗಿಯುತ್ತದೆ. ಮುಂದಿನ ಹದಿನಾರು ಪುಟಗಳ ಕಂತೆ ಹೊಲಿಗೆ ಬಿಟ್ಟು ಎಂದೋ ಕಳಚಿಹೋಗಿದೆ. ಪುಸ್ತಕ ಮರುಮುದ್ರಣವಾಗಿಲ್ಲ, ಇನ್ನೊಂದು ಪ್ರತಿ ಎಲ್ಲಿಯೂ ಸಿಕ್ಕಿಲ್ಲ.

ಮುಂದೇನಾಯಿತು ಎಂದು ಕೇಳಿದವರಿಗೆ ಮೊದಮೊದಲು ಅವಳು “ಗೊತ್ತಿಲ್ಲ” ಎಂದೇ ಹೇಳುತ್ತಿದ್ದಳು. ಅದನ್ನು ಕೇಳಿ ರಮಾಮಣಿ ಆಂಟಿ ಬಿಪಿ ಏರಿಸಿಕೊಂಡು ಕುರ್ಚಿಯಲ್ಲಿ ಕುಸಿದ ದಿನ, ಗಾಬರಿಯಾಗಿ, “ಮದುವೆ ಆಯ್ತು ಆಂಟಿ, ಎರಡು ಮಕ್ಕಳೂ ಆದ್ವು” ಎಂದುಬಿಟ್ಟಳು. ಸುಖಾಂತ್ಯವೆಂದರೆ ಮೂಗು ಮುರಿಯುವ ರಿಟೈರ್ಡ್ ಗುರುವಪ್ಪನವರಿಗೆ ಬಸ್ಸನ್ನು ಘಾಟಿಯಲ್ಲಿ ಉರುಳಿಸಿದಳು. ಅವರು ತೃಪ್ತರಾಗಿ ಇನ್ನೂ ಎರಡು ಪುಸ್ತಕ ಒಯ್ದರು. ಗಿರಾಕಿಯ ಮುಖ ನೋಡಿ ಚಟ್ನಿ ಬಡಿಸುವುದು ಅವಳ ಅಪ್ಪ ಲೋಕನಾಥ ಕಲ್ಯಾಣದ ಹೋಟೆಲಿನಲ್ಲಿ ಮೂವತ್ತು ವರ್ಷ ನಡೆಸಿದ ವಿದ್ಯೆ. ಮಗಳು ಅದನ್ನೇ ಮುಂದುವರಿಸಿದ್ದಳು, ಅಷ್ಟೆ.

ಏಳನೆಯ ಅಂತ್ಯ ಸಂದದ್ದು ರೇವಣಸಿದ್ದನಿಗೆ. ಕಲಬುರಗಿ ಕಡೆಯವನು, ರಬಾಳೆಯ ಫ್ಯಾಕ್ಟರಿಯೊಂದರಲ್ಲಿ ಮಷಿನ್ ಫಿಟ್ಟರ್. ಕೈ ತೊಳೆದು, ಒರೆಸಿ, ಆಮೇಲೆಯೇ ಪುಸ್ತಕ ಮುಟ್ಟುವವನು. ಎಂಟು ತಿಂಗಳಿಂದ ಒಂದು ಭಾನುವಾರವೂ ತಪ್ಪಿಸಿರಲಿಲ್ಲ.

“ಮೇಡಂ, ಇದರ ಮುಂದಿನ ಹಾಳಿ ಎಲ್ಲವ್ರಿ? ಇಂವ ಹೋದನೋ ಇಲ್ಲೋ?”

“ಯಾಕೆ, ಅಷ್ಟು ಅರ್ಜೆಂಟಾ?”

“ನನಗೂ ವರ್ಗ ಬಂದದ್ರಿ. ಕಂಪನಿ ಪುಣೆ ಕಡೆ ಚಾಕಣಕ್ಕ ಶಿಫ್ಟ್ ಆಗ್ಲತ್ತದ. ಹೋಗಬೇಕೋ ಬ್ಯಾಡೋ ಅಂತ ಕುಂತೀನಿ.”

ರಮಿತಾ ಒಮ್ಮೆ ಅವನ ಮುಖ ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ರಬ್ಬರ್ ಸ್ಟ್ಯಾಂಪನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿದಳು.

“ಇಳಿದ,” ಎಂದಳು. “ಹಾರ್ನ್ ಆಯ್ತಲ್ಲ, ಆಗ ಟ್ರಂಕ್ ಹಿಡ್ಕೊಂಡು ಇಳಿದ. ವರ್ಗದ ಕಾಗದ ಹರಿದು ಬಿಸಾಡಿದ.”

“ಖರೇನು?”

“ಪುಸ್ತಕದಲ್ಲಿ ಹಾಗೇ ಉಂಟು, ಮಾರಾಯ್ರೆ.”

ಅವನು ಆ ದಿನ ಬೇರೆ ಪುಸ್ತಕ ಒಯ್ಯದೆ, ನಗುತ್ತಾ ಮೆಟ್ಟಿಲು ಇಳಿದುಹೋದ. ನಿಜವನ್ನು ಮುಂದಿನ ಭಾನುವಾರ ಹೇಳೋಣ ಎಂದುಕೊಂಡಳು ರಮಿತಾ. ಅಂಥ ಭಾನುವಾರಗಳು ಐದು ಕಳೆದವು.

ಆರನೆಯ ಭಾನುವಾರ ಅವನು ಹೊಸ ಸುದ್ದಿ ತಂದ. ಟೀವಿಯ ‘ಹೇಳಿ ನೋಡೋಣ’ ಕ್ವಿಜ್‌ನ ಮುಂಬೈ ವಿಶೇಷ ಸಂಚಿಕೆಗೆ ಅವನ ಹೆಸರು ಬಂದಿತ್ತು. ಶೂಟಿಂಗ್ ಪಕ್ಕದ ಠಾಣೆ ನಗರದ ಸ್ಟುಡಿಯೋದಲ್ಲಿ. “ಗೆದ್ರ ಉಲ್ಹಾಸನಗರದಾಗ ನಂದೇ ಸಣ್ಣ ವರ್ಕ್‌ಶಾಪ್. ಚಾಕಣ ಕ್ಯಾನ್ಸಲ್. ಸೋತ್ರ ಮುಂದಿನ ವಾರ ಹೊಂಟೆ. ಒಬ್ರು ಜೊತಿಗಾರರನ್ನ ಕರ್ಕೊಂಡು ಬರ್ರಿ ಅಂತ ಹೇಳ್ಯಾರ. ಒಮ್ಮೆ ಅವರನ್ನ ಉತ್ತರ ಕೇಳಬಹುದಂತ. ಅವ್ವ ಊರಿಂದ ಬರಂಗಿಲ್ಲ. ನೀವು ಬರ್ತೀರೇನು?”

“ನಾನಾ? ನನಗೆ ಎಂತ ಗೊತ್ತುಂಟು?”

“ನಿಮಗ ಗೊತ್ತಿಲ್ಲದ್ದು ಯಾವ ಪುಸ್ತಕದಾಗದ?” ಎಂದ ಅವನು, ಪೂರ್ತಿ ನಂಬಿಕೆಯಿಂದ.

ಹೀಗೆ ಶನಿವಾರ ಮಧ್ಯಾಹ್ನ ರಮಿತಾ ಘೋಡ್‌ಬಂದರ್ ರಸ್ತೆಯ ಸ್ಟುಡಿಯೋದಲ್ಲಿ, ಎಸಿಯ ನೇರ ಕೆಳಗೆ, ಜೊತೆಗಾರರ ಕುರ್ಚಿಯಲ್ಲಿ ನಡುಗುತ್ತಾ ಕೂತಿದ್ದಳು. ಕೇಳುವವರೆಗೆ ಬಾಯಿ ಬಿಡಬಾರದು, ಸನ್ನೆ ಮಾಡಬಾರದು, ಕೆಮ್ಮಲೂ ಬಾರದು ಎಂದು ಹೆಡ್‌ಫೋನ್ ಹಾಕಿದವನೊಬ್ಬ ಮೂರು ಸಲ ಹೇಳಿಹೋಗಿದ್ದ.

ನಿರೂಪಕಿ ಅಶ್ಮಿತಾ ಬೆಂಗಳೂರಿನವಳು, ಎಲ್ಲದಕ್ಕೂ ನಗುವವಳು. “ರೇವಣಸಿದ್ದ ಅವ್ರೇ, ಜೊತೇಲಿ ಬಂದಿರೋ ಮೇಡಂ ನಿಮಗೆ ಏನಾಗ್ಬೇಕು?”

“ಲೈಬ್ರರಿಯವ್ರು.”

“ಓ! ಬರೀ ಲೈಬ್ರರಿಯವ್ರು?”

“ಸದ್ಯಕ್ಕ, ಹೌದ್ರಿ.”

ಪ್ರೇಕ್ಷಕರು ಹೋ ಎಂದರು. ರಮಿತಾಳ ಕಿವಿ ಕೆಂಪಾಯಿತು. ಮೇಕಪ್ಪಿನವರು ಕಿವಿಗೂ ಪೌಡರ್ ಹಚ್ಚಿದ್ದು ಒಳ್ಳೆಯದಾಯಿತು.

ಅವನು ಚೆನ್ನಾಗಿ ಆಡಿದ. ನದಿ, ರಾಜವಂಶ, ಕ್ರಿಕೆಟ್ಟು, ಉಪ್ಪಿನ ರಾಸಾಯನಿಕ ಹೆಸರು, ಯಾವುದಕ್ಕೂ ತಡವರಿಸಲಿಲ್ಲ. ಜೊತೆಗಾರರ ಸಹಾಯವೂ ಉಳಿದಿತ್ತು. ಕೊನೆಯ ಪ್ರಶ್ನೆ ಬಂತು. ತೆರೆ ಮೇಲೆ ಬಂದ ಮೇಲೆ ಅದನ್ನು ಬಿಟ್ಟು ಏಳುವಂತಿಲ್ಲ, ಉತ್ತರ ಕೊಡಲೇಬೇಕು, ತಪ್ಪಾದರೆ ಅಲ್ಲಿಯವರೆಗೆ ಗೆದ್ದದ್ದೆಲ್ಲ ಹೋಗುತ್ತದೆ ಎಂಬುದು ಕಾರ್ಯಕ್ರಮದ ನಿಯಮ.

“ಸಾಹಿತ್ಯದ ಪ್ರಶ್ನೆ. ‘ಅಂಚೆ ತಪ್ಪಿದ ಊರು’ ಕಾದಂಬರಿಯ ಕೊನೇಲಿ ಏನಾಗುತ್ತೆ? ಎ, ಸುಭದ್ರೆಯೂ ಬಸ್ ಹತ್ತುತ್ತಾಳೆ. ಬಿ, ಮಾಧವ ಬಸ್ಸಿನಿಂದ ಇಳೀತಾನೆ. ಸಿ, ಬಸ್ ಘಾಟಿಯಲ್ಲಿ ಉರುಳುತ್ತೆ. ಡಿ, ಸುಭದ್ರೆ ಒಬ್ಬಳೇ ಮನೆಗೆ ಮರಳ್ತಾಳೆ.”

ನಾಲ್ಕನ್ನೂ ರಮಿತಾ ಒಬ್ಬೊಬ್ಬರಿಗೆ ಹೇಳಿಯಾಗಿತ್ತು.

ರೇವಣಸಿದ್ದನ ಮುಖ ಅರಳಿತು. “ಇದು ಬರ್ತದ್ರಿ!” ಎಂದು, ಗೆದ್ದೆ ಎಂಬ ಹೆಮ್ಮೆಯಿಂದ ಅವಳತ್ತ ತಿರುಗಿದ. ಅವಳು ಸನ್ನೆ ಮಾಡಲಿಲ್ಲ, ಕೆಮ್ಮಲಿಲ್ಲ. ಆದರೆ ಕಣ್ಣು ತುಂಬಿ ಬರುವುದನ್ನು ತಡೆಯುವ ನಿಯಮ ಯಾರೂ ಹೇಳಿಕೊಟ್ಟಿರಲಿಲ್ಲ.

ಅವನ ನಗು ನಿಧಾನಕ್ಕೆ ನಿಂತಿತು. “ಜೊತಿಗಾರರನ್ನ ಕೇಳ್ತೀನ್ರಿ,” ಎಂದ.

“ನಲವತ್ತು ಸೆಕೆಂಡು,” ಎಂದಳು ಅಶ್ಮಿತಾ. ಗಡಿಯಾರ ಓಡತೊಡಗಿತು.

“ಮೇಡಂ, ಬಿ ಅಲ್ಲೇನು?”

“ನನಗೆ ಗೊತ್ತಿಲ್ಲ.” ಮೈಕು ಅವಳ ದನಿಯನ್ನು ಸಭೆಗೆಲ್ಲ ಹಂಚಿತು. “ಕೊನೆಯ ಹದಿನಾರು ಪುಟ ನಾನೂ ಓದಿಲ್ಲ. ನಿಮಗೆ ಹೇಳಿದ್ದು ಸುಳ್ಳು.”

“ಗುರುವಪ್ಪನೋರು ಹೇಳ್ತಿದ್ರಲ್ಲ, ಬಸ್ ಘಾಟದಾಗ ಬಿತ್ತಂತ?”

“ಅದನ್ನು ಬೀಳಿಸಿದ್ದೂ ನಾನೇ.”

ಯಾರೋ ಕಿಸಕ್ಕೆಂದರು. ಅವನು ನಗಲಿಲ್ಲ. “ನನಗ ಯಾಕ ಇಳದಾನಂತ ಹೇಳಿದ್ರಿ?”

ಇನ್ನು ಹತ್ತು ಸೆಕೆಂಡು. ಹದಿನೈದು ದಿನಕ್ಕೆ ಇದು ಪ್ರಸಾರವಾಗುತ್ತದೆ, ಅಪ್ಪನ ಹೋಟೆಲಿನ ಟೀವಿಯಲ್ಲಿ ಇಡೀ ಕಲ್ಯಾಣ ನೋಡುತ್ತದೆ ಎಂದು ಅವಳಿಗೆ ಗೊತ್ತಿತ್ತು.

“ನೀವು ಹೋಗ್ತೇನೆ ಅಂದ್ರಲ್ಲ,” ಎಂದಳು. “ಹೋಗ್ಬೇಡಿ ಅನ್ಲಿಕ್ಕೆ ಬಾಯಿ ಬರ್ಲಿಲ್ಲ. ಅದಕ್ಕೆ ಅವನನ್ನು ಇಳಿಸಿದೆ.”

ಗಂಟೆ ಬಡಿಯಿತು. ನಗುವುದು ಬಿಟ್ಟರೆ ಬೇರೆ ಕೆಲಸವಿಲ್ಲದ ಅಶ್ಮಿತಾ ಕೂಡ ಒಂದು ಕ್ಷಣ ಕಾರ್ಡು ನೋಡುತ್ತಾ ನಿಂತಳು. “ರೇವಣಸಿದ್ದ ಅವ್ರೇ... ಉತ್ತರ?”

“ಬಿ,” ಎಂದ ಅವನು. “ಲಾಕ್ ಮಾಡ್ರಿ.”

ಸರಿಯುತ್ತರ ಎ ಆಗಿತ್ತು.

ಸಮಾಧಾನಕರ ಬಹುಮಾನವಾಗಿ ಒಂದು ಮಿಕ್ಸರ್ ಸಿಕ್ಕಿತು. ಅದರ ಡಬ್ಬ ಹೆಗಲ ಮೇಲಿಟ್ಟುಕೊಂಡು ಅವನು ಗೇಟಿನ ಹೊರಗೆ ಬಂದಾಗ ಬಿಸಿಲು ಇನ್ನೂ ಇತ್ತು. ರಮಿತಾ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದಳು.

“ಬಯ್ಯಿರಿ,” ಎಂದಳು.

“ಯಾಕ್ರಿ ಬಯ್ಯೂದು?”

“ನನ್ನಿಂದ ವರ್ಕ್‌ಶಾಪ್ ಹೋಯ್ತು. ಸುಳ್ಳು ಅಂತ ಹೇಳಿದ ಮೇಲೂ ಅದನ್ನೇ ಯಾಕೆ ಹೇಳಿದ್ರಿ? ತಲೆ ಸರಿ ಉಂಟಾ?”

“ನಿಮಗ ಗೊತ್ತಿಲ್ಲ, ನನಗ ಗೊತ್ತಿಲ್ಲ. ಅಂದ್ಮ್ಯಾಲ ನಾಲ್ಕೂ ಅಷ್ಟ. ನನಗ ಬೇಕಾಗಿದ್ದು ಹೇಳಿದೆ.”

ಅವಳು ಆ ನಾಲ್ಕು ಹೆಜ್ಜೆ ದಾಟಿ ಅವನ ಪಕ್ಕಕ್ಕೆ ಬಂದಳು. ಸುಳ್ಳು ಹೇಳುವುದರಲ್ಲಿ ಪಳಗಿದ ನಾಲಿಗೆಗೆ ಇಂಥ ಹೊತ್ತಿನಲ್ಲಿ ನಿಜ ಅಷ್ಟು ಸಲೀಸಾಗಿ ಬರುವುದಿಲ್ಲ.

“ಮತ್ತೆ ಚಾಕಣ?”

“ಹೋಗಂಗಿಲ್ರಿ. ರಬಾಳೆದಾಗ ಬ್ಯಾರೆ ಫ್ಯಾಕ್ಟರಿ ಇಲ್ಲೇನು? ಪಗಾರ ಕಮ್ಮಿ ಆಗ್ತದ, ಆಗ್ಲಿ. ಸೋಮವಾರ ಹುಡುಕಲಾಕ ಶುರು ಮಾಡ್ತೀನಿ.”

“ಸಿಗದಿದ್ರೆ?”

“ಸಿಗದಿದ್ರ ನೀವು ಹೇಳ್ರಿ.”

“ಸಿಗದಿದ್ರೆ ನಾನೇ ಚಾಕಣಕ್ಕೆ ಬರ್ತೇನೆ,” ಎಂದಳು ರಮಿತಾ, ಕಚೇರಿಯಲ್ಲಿ ರಜೆ ಅರ್ಜಿ ಕೊಡುವ ದನಿಯಲ್ಲಿ. “ಇನ್ನು ಮೇಡಂ ಅನ್ಬೇಡಿ. ಹೆಸರುಂಟು ನನಗೆ.”

ಅವನು ಮಿಕ್ಸರಿನ ಡಬ್ಬವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದ. ಮಾತಾಡಲು ಹೊರಟು ಎರಡು ಸಲ ನಿಲ್ಲಿಸಿ, ಮೂರನೆಯ ಸಲಕ್ಕೆ “ರಮಿತಾ” ಎಂದ. ಅಷ್ಟೇ.

ಅವಳು ರಸ್ತೆಯ ಕಡೆ ಮುಖ ತಿರುಗಿಸಿ ನಕ್ಕಳು.

ಠಾಣೆ ಸ್ಟೇಷನ್ನಿಗೆ ಹೋಗುವ ಶೇರ್ ರಿಕ್ಷಾ ಬಂದು ನಿಂತಿತು. ಹಿಂದೆ ಇಬ್ಬರು ಕೂತಿದ್ದರು, ಅಲ್ಲಿ ಇನ್ನೊಬ್ಬರಿಗಷ್ಟೇ ಜಾಗ. “ಏಕ್ ಪೀಛೆ, ಏಕ್ ಮೇರೆ ಬಾಜೂ. ಚಲೋ, ಜಲ್ದಿ,” ಎಂದ ಡ್ರೈವರ್. ರೇವಣಸಿದ್ದ ಡಬ್ಬ ಹೊತ್ತು ಡ್ರೈವರಿನ ಪಕ್ಕಕ್ಕೆ ಹೊರಟ. ರಮಿತಾ ಅವನ ತೋಳು ಹಿಡಿದು ನಿಲ್ಲಿಸಿದಳು.

“ದೋ ಸೀಟ್ ಸಾಥ್ ಮೇ ಚಾಹಿಯೇ, ಭಾಯ್,” ಎಂದು ಒಟ್ಟಿಗೇ ಎರಡು ಸೀಟು ಕೇಳಿದಳು.

“ಅಭೀ ಐಸಾ ಕಹಾಂ ಮಿಲೇಗಾ, ಮೇಡಂ?”

“ತೋ ತುಮ್ ಜಾವ್.”

ಡ್ರೈವರ್ ಗೊಣಗುತ್ತಾ ಹೋದ. ಮುಂದಿನ ರಿಕ್ಷಾ ಬರಲು ಇಪ್ಪತ್ತು ನಿಮಿಷವಾಯಿತು. ತುಂಬ ಬೇಗ ಬಂತು ಎಂದು ಇಬ್ಬರಿಗೂ ಅನ್ನಿಸಿತು.